ಅಂಚಿನಾಚೆ ಮೂರು ಮಿಲಿಮೀಟರ್

ಅತ್ತಿಗೆಯ ಹಲ್ಲಿನ ಕ್ಲಿನಿಕ್ಕಿಗೆ ನಾನು ಮಾಡಿಕೊಟ್ಟ ವಿಸಿಟಿಂಗ್ ಕಾರ್ಡಿನಲ್ಲಿ ಫೋನ್ ನಂಬರಿನ ಕೊನೆಯ ಅಂಕಿ ಇರಲಿಲ್ಲ. ಐನೂರು ಕಾರ್ಡಿನಲ್ಲಿ ಒಂದರಲ್ಲೂ ಇರಲಿಲ್ಲ. ಕಟ್ಟು ಹಿಡಿದುಕೊಂಡು ಜಗಳಕ್ಕೆಂದೇ ಪ್ರೆಸ್ಸಿಗೆ ಹೋದೆ.

ಜಗಳ ಎಂದರೂ ಅದರಲ್ಲಿ ಉಪ್ಪು ಖಾರ ಇರಲಿಲ್ಲ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ವೆಬ್‌ಸೈಟ್ ಮಾಡುತ್ತಿದ್ದೆ, ಉಣ್ಣುತ್ತಿದ್ದೆ, ಮಲಗುತ್ತಿದ್ದೆ, ಅಷ್ಟೇ. ಮನಸ್ಸಿಗೆ ಜೋಮು ಹಿಡಿದಿತ್ತು.

ಒಬ್ಬರೇ ಪ್ರೆಸ್ ನಡೆಸುತ್ತಿದ್ದ ಯಜಮಾನರು ಕನ್ನಡಕವನ್ನು ಹಣೆಗೇರಿಸಿ ಕಾರ್ಡನ್ನೂ ನನ್ನನ್ನೂ ನೋಡಿದರು. ನಂಬರು ತೀರಾ ಅಂಚಿಗಿದೆ, ಕತ್ತರಿಸುವಾಗ ಹೋಗುತ್ತದೆ, ಒಳಗೆ ತನ್ನಿ ಎಂದು ಎರಡು ಸಲ ಮೆಸೇಜ್ ಮಾಡಿದ್ದರಂತೆ. ಪೂರ್ತಿ ಓದದೆ, ಹಾಗೇ ಪ್ರಿಂಟ್ ಮಾಡಿ ಎಂದವಳು ನಾನೇ. ಸ್ಕ್ರೀನಿನ ಮೇಲಾದರೆ ಎಲ್ಲವೂ ತಾನಾಗಿ ಸರಿದು ಜಾಗ ಮಾಡಿಕೊಳ್ಳುತ್ತದೆ. ಕಾಗದಕ್ಕೆ ಆ ಬುದ್ಧಿ ಎಲ್ಲಿಂದ ಬರಬೇಕು?

ಕಾರ್ಡಿನ ಕೆಳಗೆ 'ಅಪಾಯಿಂಟ್‌ಮೆಂಟ್ ಪಡೆಯಿರಿ' ಎಂದು ಒಂದು ಬಟನ್ ಬೇರೆ ಬಿಡಿಸಿದ್ದೆ. ಅವರು ಅದರ ಮೇಲೆ ಬೆರಳಿಟ್ಟರು.

"ಒತ್ತಿ ನೋಡಿದೆ. ಏನೂ ಆಗ್ಲಿಲ್ಲ."

ತುಟಿಯಂಚಿನಲ್ಲಿ ನಗುವಿತ್ತು. ಇಲ್ಲಿ ನಗಬೇಕು ಎಂದು ನನಗೆ ತಿಳಿಯಿತು, ನಗು ಬರಲಿಲ್ಲ.

ಕಾರ್ಡು ಸರಿಮಾಡಲೆಂದು ಆಮೇಲೆ ನಾಲ್ಕು ಮಧ್ಯಾಹ್ನ ಹೋದೆ. ಕತ್ತರಿಸುವಾಗ ಅಲುಗು ಒಂದೆರಡು ಮಿಲಿಮೀಟರ್ ಜರುಗಿಬಿಡುತ್ತದೆ, ಅದಕ್ಕೇ ಬಣ್ಣವನ್ನು ಅಂಚಿನಾಚೆ ಮೂರು ಮಿಲಿಮೀಟರ್ ಚಾಚಬೇಕು, ಅಕ್ಷರವನ್ನು ಅಷ್ಟೇ ಒಳಗೆ ಎಳೆದುಕೊಳ್ಳಬೇಕು ಎಂದು ಸ್ಕೇಲು ಹಿಡಿದು ಕಲಿಸಿದರು. ಸ್ಕ್ರೀನಿನ ಮೇಲಿನ ನೀಲಿ ಬಣ್ಣ ಬೆಳಕಿನಿಂದ ಆದದ್ದು, ಶಾಯಿಗೆ ಆ ಹೊಳಪು ಬರುವುದಿಲ್ಲ ಎಂದು ನಾಲ್ಕು ನೀಲಿಗಳನ್ನು ಅಚ್ಚು ಹಾಕಿ ಮುಂದೆ ಹರಡಿದರು. ನಾನು ಮಂಕಾದದ್ದನ್ನು ಆರಿಸಿದೆ. ನಿಮಗೆ ಒಪ್ಪುತ್ತದೆ ಎಂದವರು, ಕಾರ್ಡಿಗೆ ಎಂದು ತಿದ್ದಿಕೊಂಡರು. ಅವರ ಕಿವಿ ಕೆಂಪಾಗಿತ್ತು. ಮನೆಯಲ್ಲಿ ಅತ್ತಿಗೆ ಕಾರ್ಡಿನ ವಿಚಾರ ಬಿಟ್ಟು, ಇವತ್ತೂ ಹೋಗುತ್ತೀಯಾ ಎಂದು ಕೇಳತೊಡಗಿದರು.

ಸೋಮವಾರ ಹೊಸ ಕಾರ್ಡು ಸಿದ್ಧವಾಯಿತು. ಕಟ್ಟನ್ನು ನನ್ನ ಕೈಗಿಟ್ಟರೂ ಅವರು ಕೈ ತೆಗೆಯಲಿಲ್ಲ.

"ನಾಳೆಯಿಂದ ನೀವು ಬರೋದಕ್ಕೆ ಕಾರಣ ಇರಲ್ಲ. ಸುತ್ತಿ ಬಳಸಿ ಮಾತಾಡೋಕೆ ನನಗೆ ಬರಲ್ಲ. ನನ್ನನ್ನ ಮದುವೆ ಆಗ್ತೀರಾ?"

ಎದೆ ಡವಗುಟ್ಟಬೇಕಿತ್ತು. ಡವಗುಟ್ಟಲಿಲ್ಲ. ಹೂಂ ಎಂದರೆ ಈ ಒಳ್ಳೆಯ ಮನುಷ್ಯನಿಗೆ ಮೋಸ. ಊಹೂಂ ಎಂದರೆ ನಾಳೆಯಿಂದ ಈ ಕೋಣೆ ಇಲ್ಲ, ಇವರೂ ಇಲ್ಲ. ಅದು ನನಗೆ ಬೇಡವಾಗಿತ್ತು.

"ನನ್ನೊಳಗೆ ಏನೂ ಉಳಿದಿಲ್ಲ ರೀ. ಪ್ರೀತಿ ಇದೆ ಅಂತ ನಿಮಗೆ ಸುಳ್ಳು ಹೇಳಲಾರೆ."

ಸರಿ ಎಂದು ಕಟ್ಟು ಬಿಟ್ಟುಕೊಟ್ಟರು. ಮುಖ ಸಣ್ಣದಾಗಿತ್ತು. ನಾನು ಬಾಗಿಲವರೆಗೆ ಹೋಗಿ ನಿಂತೆ.

"ನಿನ್ನೆ ಭಾನುವಾರ, ಪ್ರೆಸ್ ಇರಲ್ಲ ಅಂತ ಗೊತ್ತಿತ್ತು," ಎಂದೆ, ತಿರುಗದೆ. "ಆದರೂ ಬಂದಿದ್ದೆ. ಬೀಗ ನೋಡ್ಕೊಂಡು ಅರ್ಧ ಗಂಟೆ ನಿಂತಿದ್ದೆ. ಯಾಕೆ ಅಂತ ನನಗೇ ಗೊತ್ತಿಲ್ಲ."

ಹಿಂದೆ ಕುರ್ಚಿ ಸರಿದ ಸದ್ದಾಯಿತು.

"ಗೊತ್ತಾಗೋವರೆಗೂ ಬನ್ನಿ. ಕೆಲಸ ಇಲ್ಲದಿದ್ರೂ ಬನ್ನಿ."

ಹತ್ತಿರ ಬಂದು ಕೈ ಹಿಡಿದರು. ನನಗೆ ಏನೂ ಅನ್ನಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಬೆರಳು ಸಡಿಲಿಸಿದಾಗ ನೋಡಿದೆ, ಬಿಡದೆ ಹಿಡಿದುಕೊಂಡಿದ್ದವಳು ನಾನು.