ಹಸಿರು ಶಾಯಿಯ ಚೀಟಿ

ಪ್ರಾರ್ಥನೆ ನಡೆಯುತ್ತಿದ್ದಾಗ ಆ ಊಟದ ಮೇಜಿನಲ್ಲಿ ಕಣ್ಣು ತೆರೆದಿದ್ದವರು ಇಬ್ಬರೇ.

ಒಬ್ಬಳು ಡೆಲ್ಫೀನ್. ಅಮೆರಿಕದ ದಕ್ಷಿಣದ ಲೂಯಿಸಿಯಾನಾದಿಂದ ಉತ್ತರದ ಚಳಿಯೂರು ಡುಲೂತ್‌ಗೆ ಬಂದು ಆಗಿನ್ನೂ ಐದು ದಿನವಾಗಿತ್ತು. ಬಡವರಿಗೆ ದಿನಸಿ ಹಂಚುವ ಚರ್ಚಿನ ಆಹಾರ ಭಂಡಾರದಲ್ಲಿ ಒಂದು ವರ್ಷದ ಇಂಟರ್ನ್ ಕೆಲಸ, ಚರ್ಚಿನ ಮನೆಯಲ್ಲೇ ಇನ್ನೈವರು ಇಂಟರ್ನ್‌ಗಳ ಜೊತೆ ವಾಸ. ಎಲ್ಲರೂ ಕೈ ಕೈ ಹಿಡಿದು ತಲೆ ಬಗ್ಗಿಸಿದ್ದಾಗ ಅವಳ ಕಣ್ಣು ಮಾತ್ರ ಬ್ರೆಡ್ಡಿನ ಮೇಲಿತ್ತು.

ಇನ್ನೊಬ್ಬ ಎದುರಿಗೆ ಕೂತಿದ್ದ ಎಸ್ಕಿಲ್. ಅವನ ಕಣ್ಣು ಅವಳ ಮೇಲಿತ್ತು!

ಸಿಕ್ಕಿಬಿದ್ದೆನಲ್ಲ ಎಂದುಕೊಂಡು ಅವಳು ಥಟ್ಟನೆ ತಲೆ ಬಗ್ಗಿಸಿದಳು. ಅವನು ಎರಡನೇ ವರ್ಷದ ಇಂಟರ್ನ್, ಮನೆಗೆ ಹಿರಿಯ. ತಿಂಗಳಿಗೊಮ್ಮೆ ಪಾಸ್ಟರ್ ಗ್ರೆಟಾ ಅವರಿಗೆ ಎಲ್ಲರ ಬಗ್ಗೆ ವರದಿ ಬರೆಯುವವನೂ ಅವನೇ ಎಂದು ಕೋಣೆಯ ಗೆಳತಿ ಮಾರ್ಲಿಸ್ ಮೊದಲ ದಿನವೇ ಕಿವಿಯಲ್ಲಿ ಊದಿದ್ದಳು.

ಊಟವಾದ ಮೇಲೆ ಆ ಮನೆಯ ಹಳೆಯ ಪದ್ಧತಿಯಂತೆ ಪ್ರತಿಯೊಬ್ಬರೂ ತಮ್ಮ ಹೆಸರು ಬರೆದ ಚೀಟಿಯನ್ನು ಸೂಪಿನ ಬಟ್ಟಲಿಗೆ ಹಾಕಿದರು. ಯಾರ ಹೆಸರು ಕೈಗೆ ಬರುತ್ತದೋ ಅವರಿಗಾಗಿ ವರ್ಷವಿಡೀ ಪ್ರಾರ್ಥಿಸಬೇಕು, ವರ್ಷದ ಕೊನೆಯ ಊಟದವರೆಗೂ ಅದು ಯಾರ ಹೆಸರೆಂದು ಬಾಯಿ ಬಿಡಬಾರದು. ತನ್ನದೇ ಹೆಸರು ಬಂದರೆ ಬಟ್ಟಲಿಗೆ ವಾಪಸ್ ಹಾಕಿ ಇನ್ನೊಂದು ಎತ್ತಬೇಕು.

ಡೆಲ್ಫೀನ್ ಬಿಡಿಸಿದ ಚೀಟಿಯಲ್ಲಿ ಹಸಿರು ಶಾಯಿ ಇತ್ತು. ಭಂಡಾರದಲ್ಲಿ ಅವಧಿ ಮುಗಿದ ಡಬ್ಬಿಗಳಿಗೆ ಗುರುತು ಹಾಕುವ ಪೆನ್ನು ಅವಳ ಜೇಬಿನಲ್ಲೇ ಉಳಿದಿತ್ತು. ಅದರಲ್ಲೇ ಅವಳು ಬರೆದಿದ್ದಳು... ತನ್ನ ಹೆಸರನ್ನು.

ಅವಳು ವಾಪಸ್ ಹಾಕಲಿಲ್ಲ. ಒಳ್ಳೆಯದೇ ಆಯಿತು, ಯಾರಿಗಾಗಿಯೂ ಬೇಡುವ ನಾಟಕ ತಪ್ಪಿತು ಎಂದುಕೊಂಡು ಚೀಟಿಯನ್ನು ಪರ್ಸಿಗೆ ಸೇರಿಸಿದಳು.

ಆ ನೆಮ್ಮದಿ ವಾರವೂ ಉಳಿಯಲಿಲ್ಲ. ಅವಳನ್ನು ಸಾಕಿದ ಅಜ್ಜಿ ದಿನಾ ಜಪಮಣಿ ಹಿಡಿದು ಮೊದಲು ಹೇಳುತ್ತಿದ್ದದ್ದು ಮೊಮ್ಮಗಳ ಹೆಸರನ್ನೇ. ಅಜ್ಜಿ ಹೋದ ಮೇಲೆ ಡೆಲ್ಫೀನ್ ಚರ್ಚಿನ ಕಡೆ ತಲೆ ಹಾಕಿರಲಿಲ್ಲ. ಈಗ ಈ ಮನೆಯಲ್ಲಿ ಎಲ್ಲರ ಹೆಸರೂ ಯಾರದೋ ಬಾಯಲ್ಲಿತ್ತು, ತನ್ನದೊಂದು ಬಿಟ್ಟು. ನಂಬಿಕೆಯೇ ಇಲ್ಲದವಳಿಗೆ ಇದ್ಯಾಕೆ ಚುಚ್ಚಬೇಕು? ಚುಚ್ಚುತ್ತಿತ್ತು. ಅವಳು ಸೂಟ್‌ಕೇಸನ್ನು ಪೂರ್ತಿ ಬಿಚ್ಚಲೇ ಇಲ್ಲ. ಕೂತಲ್ಲಿ ಕೂರಲಾರಳು, ಕಾರಣವಿಲ್ಲದೆ ಬಸ್ಸಿನ ವೇಳಾಪಟ್ಟಿ ನೋಡುವಳು.

ಅಷ್ಟರಲ್ಲಿ ಚಳಿಗಾಲ ಬಂತು. ಮಂಜುಗಡ್ಡೆಯ ಮೇಲೆ ಜಾರದಂತೆ ಬಾತುಕೋಳಿಯ ಹಾಗೆ ಹೆಜ್ಜೆ ಇಡುವುದನ್ನು ಎಸ್ಕಿಲ್ ಕಲಿಸಿದ. ಬೆಳಿಗ್ಗೆ ಅವಳ ಒದ್ದೆ ಕೈಗವಸು ಹೀಟರಿನ ಮೇಲೆ ಒಣಗಿ ಬೆಚ್ಚಗಿರುತ್ತಿತ್ತು. ಯಾರಿಟ್ಟರು ಎಂದು ಅವಳು ಕೇಳಲಿಲ್ಲ, ಗೊತ್ತಿತ್ತು. ಅವನ ಬೂಟಿನ ಸದ್ದಿಗೆ ಕಿವಿ ನಿಮಿರುತ್ತದೆಂದೂ ಗೊತ್ತಿತ್ತು, ಒಪ್ಪಿಕೊಳ್ಳುವ ಧೈರ್ಯವಿರಲಿಲ್ಲ ಅಷ್ಟೇ.

ಫೆಬ್ರವರಿಯ ಒಂದು ಭಾನುವಾರ ಚರ್ಚಿನ ಆರಾಧನೆಯಲ್ಲಿ ಪಕ್ಕ ಕೂತಿದ್ದ ಅವನು ತನ್ನ ಹಾಡಿನ ಪುಸ್ತಕವನ್ನು ಅವಳತ್ತ ಚಾಚಿದ. ಪುಟ ತಿರುವಿದಾಗ ಅಂಚು ಸವೆದ ಎರಡು ಚೀಟಿಗಳು ಅವಳ ಮಡಿಲಿಗೆ ಬಿದ್ದವು. ಒಂದು ಮಡಿಚಿತ್ತು. ಇನ್ನೊಂದರಲ್ಲಿ ಕಪ್ಪು ಶಾಯಿಯಲ್ಲಿ, ಅವನದೇ ಅಕ್ಷರದಲ್ಲಿ, ಡೆಲ್ಫೀನ್ ಎಂದಿತ್ತು.

ಅವಳ ಮೈಯೆಲ್ಲ ಉರಿಯಿತು. ನಿಜವಾದ ಚೀಟಿ ತನ್ನ ಪರ್ಸಿನಲ್ಲಿದೆ. ಹಾಗಿದ್ದರೆ ಇವನೇ ಬರೆದಿಟ್ಟುಕೊಂಡಿದ್ದಾನೆ... ವರದಿಗೆ! ದಾರಿ ತಪ್ಪಿದ ಕುರಿಯನ್ನು ಹಟ್ಟಿಗೆ ತಂದೆ ಎಂದು ಪಾಸ್ಟರ್ ಮುಂದೆ ಬೀಗುವುದಕ್ಕೆ! ಆ ಕೈಗವಸು, ಆ ಬಾತುಕೋಳಿ ನಡಿಗೆ... ಎಲ್ಲವೂ ಡ್ಯೂಟಿಯೇ?

ಆರಾಧನೆ ಮುಗಿದದ್ದೇ ತಡ, ಕೋಟು ತೂಗುಹಾಕುವ ಜಾಗದಲ್ಲಿ ಅವನನ್ನು ತಡೆದಳು.

"ಇದ್ಯಾಕೆ ನಿನ್ನ ಹತ್ರ ಇದೆ?"

ಎಸ್ಕಿಲ್‌ನ ಮುಖ ಕೆಂಪಾಯಿತು. "ಈಗ ಹೇಳೋ ಹಾಗಿಲ್ಲ ಡೆಲ್ಫೀನ್. ಕೊನೇ ಊಟದ ದಿನ ಹೇಳ್ತೀನಿ."

"ಅಲ್ಲೀವರೆಗೂ ನಾನಿರಲ್ಲ. ನಿನ್ನ ವರದಿಗೆ ಬೇರೆ ಯಾರನ್ನಾದ್ರೂ ಹುಡುಕ್ಕೋ."

ಸಂಜೆಯ ಹೊತ್ತಿಗೆ ಸೂಟ್‌ಕೇಸ್ ತುಂಬಿತ್ತು. ಸೋಮವಾರ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಹೊರಡುವುದೆಂದು ಅವಳು ಊಟದ ಮೇಜಿನಲ್ಲಿ ಹೇಳಿದಾಗ ಮಾರ್ಲಿಸ್ ಅತ್ತೇಬಿಟ್ಟಳು. ಆ ಅಳು ನೋಡಿ ಡೆಲ್ಫೀನ್‌ಗೆ ಸುಳ್ಳನ್ನು ಹೊತ್ತುಕೊಂಡು ಹೋಗಲು ಮನಸ್ಸಾಗಲಿಲ್ಲ. ಪರ್ಸಿನಿಂದ ಹಸಿರು ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

"ಅವತ್ತು ನನಗೆ ನನ್ನ ಹೆಸರೇ ಬಂತು. ವಾಪಸ್ ಹಾಕಲಿಲ್ಲ. ನಾನು ಯಾರಿಗೋಸ್ಕರಾನೂ ಪ್ರಾರ್ಥನೆ ಮಾಡಿಲ್ಲ."

ಮಾರ್ಲಿಸ್ ಮೂಗು ಒರೆಸಿಕೊಂಡಳು. "ಅಂದ್ರೆ ಇಷ್ಟು ತಿಂಗಳು ನಿನಗೋಸ್ಕರ ಯಾರೂ..."

"ನಾನು ಮಾಡ್ತಿದ್ದೆ," ಎಂದ ಎಸ್ಕಿಲ್.

ಹಾಡಿನ ಪುಸ್ತಕ ತಂದು ಕಪ್ಪು ಶಾಯಿಯ ಚೀಟಿಯನ್ನು ಹಸಿರಿನ ಪಕ್ಕ ಇಟ್ಟ. "ನೀನು ಚೀಟಿ ಬಿಡಿಸಿದಾಗ ಅದರಲ್ಲಿ ಹಸಿರು ಶಾಯಿ ಕಂಡಿತ್ತು. ಹಸಿರಲ್ಲಿ ಬರೆದಿದ್ದವಳು ನೀನೊಬ್ಬಳೇ. ಎಲ್ಲರೆದುರು ಹೇಳಿದ್ರೆ ನೀನು ಅವತ್ತೇ ಹೊರಟುಬಿಡ್ತೀಯ ಅನ್ನಿಸ್ತು. ಅದಕ್ಕೆ ನನಗೆ ಬಂದ ಹೆಸರಿನ ಜೊತೆ ನಿಂದೂ ಬರೆದಿಟ್ಕೊಂಡೆ. ವರದಿಗೂ ಇದಕ್ಕೂ ಸಂಬಂಧ ಇಲ್ಲ."

ಅಜ್ಜಿ ಹೋದ ಮೇಲೂ ತನ್ನ ಹೆಸರು ಒಬ್ಬನ ಬಾಯಲ್ಲಿತ್ತು... ದಿನಾ! ಡೆಲ್ಫೀನ್ ಎದ್ದು ಪಾತ್ರೆ ತೊಳೆಯುವ ನೆಪದಲ್ಲಿ ಎಲ್ಲರಿಗೂ ಬೆನ್ನು ಮಾಡಿ ನಿಂತಳು. ಹಿಂದೆ ಮಾರ್ಲಿಸ್ ಹಸಿರು ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿ, ಇನ್ನು ಮೇಲೆ ಈ ಹೆಸರು ಎಲ್ಲರ ಪಾಲಿನದು, ಬಸ್ಸು ತಪ್ಪಿದರೂ ಸರಿ ಎಂದು ಘೋಷಿಸಿದಳು. ಮೇಜಿನಲ್ಲಿದ್ದವರೆಲ್ಲ ಒಕ್ಕೊರಲಿನಿಂದ ಆಮೆನ್ ಎಂದರು.

ಎಸ್ಕಿಲ್ ಬಟ್ಟೆ ಹಿಡಿದು ಪಾತ್ರೆ ಒರೆಸಲು ಪಕ್ಕಕ್ಕೆ ಬಂದು ನಿಂತ.

"ಏನು ಕೇಳ್ಕೋತಿದ್ದೆ?" ಅವಳು ತೊಳೆದ ತಟ್ಟೆಯನ್ನು ಅವನತ್ತ ಚಾಚಿದಳು.

"ಮೊದಮೊದಲು, ನಿನಗೆ ಇಲ್ಲಿ ನೆಮ್ಮದಿ ಸಿಗಲಿ ಅಂತ."

"ಆಮೇಲೆ?"

"ಆಮೇಲೆ ಸ್ವಾರ್ಥ ಬಂತು." ಅವನು ಒಂದೇ ತಟ್ಟೆಯನ್ನು ಒರೆಸುತ್ತಲೇ ಇದ್ದ. "ಇವಳು ನನ್ನನ್ನ ಬಿಟ್ಟು ಹೋಗದೇ ಇರಲಿ ಅಂತ ಕೇಳ್ಕೋತಿದ್ದೆ."

ಅವಳು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಜೇಬಿನಿಂದ ಹಸಿರು ಪೆನ್ನು ತೆಗೆದಳು. ಕಿಟಕಿಯ ಬಳಿಯಿದ್ದ ದಿನಸಿ ಪಟ್ಟಿಯ ಮೂಲೆ ಹರಿದು, ಅದರಲ್ಲಿ ಅವನ ಹೆಸರು ಬರೆದಳು.

"ನನಗೆ ಪ್ರಾರ್ಥನೆ ಬರಲ್ಲ ಎಸ್ಕಿಲ್. ಎಲ್ಲಾ ಮರೆತುಹೋಗಿದೆ."

"ಹೆಸರು ಹೇಳಿದ್ರೆ ಸಾಕು."

"ಕಣ್ಣು ಮುಚ್ಚಲೇಬೇಕಾ?"

"ನಾನಂತೂ ಅವತ್ತು ಮುಚ್ಚಿರಲಿಲ್ಲ."

ಅವಳು ಅವನನ್ನೇ ನೋಡುತ್ತಾ, ಮೆಲ್ಲಗೆ, ಅವನ ಹೆಸರು ಹೇಳಿದಳು.