ತುಂಬದೆ ಉಳಿದ ಚೌಕಗಳು

ಪತ್ರಿಕೆಗೆ ಪದಬಂಧ ಕಟ್ಟುತ್ತಿದ್ದ ಮುದುಕರು ಮೊದಲ ಏಟಿಗೇ ಸತ್ತಿದ್ದರು ಎಂದರು ಪೊಲೀಸ್ ವೈದ್ಯರು. ಆಮೇಲಿನ ಏಟುಗಳೆಲ್ಲ ಬರೀ ಸಿಟ್ಟು. ಹಿತ್ತಾಳೆಯ ಮೇಜುದೀಪ ಹೆಣದ ಪಕ್ಕ ಬಿದ್ದಿತ್ತು. ಗೋಡೆಗೂ ಕೀಬೋರ್ಡಿಗೂ ರಕ್ತ ಸಿಡಿದಿತ್ತು. ಕಂಪ್ಯೂಟರಿನಲ್ಲಿ ಒಂದು ಪದಬಂಧವಿತ್ತು. ಸುಳಿವುಗಳೆಲ್ಲ ಪೂರ್ತಿ: ‘ಹಿರಿಯರ ಮಾತಿನ ನಡುವೆ ಬಾಯಿ ಹಾಕುವವಳು’, ‘ಬಾಗಿಲು ತಟ್ಟದೆ ನುಗ್ಗುವವಳ ಗುಣ’. ಚೌಕಗಳಲ್ಲಿ ‘ಅಧಿಕಪ್ರಸಂಗಿ’, ‘ಒರಟುತನ’. ಕೆಳಗಿನ ಮೂಲೆ ಮಾತ್ರ ಖಾಲಿ.

ಹೆಣವನ್ನು ಮೊದಲು ಕಂಡವನು ಪರೀಕ್ಷಕ. ಪದಬಂಧಗಳು ಅಚ್ಚಾಗುವ ಮುನ್ನ ಬಿಡಿಸಿ ನೋಡುವುದು ಅವನ ಕೆಲಸ. ಮಾತು ಅಷ್ಟು ಮೆದುವಾದ್ದರಿಂದ ಕಚೇರಿಯಲ್ಲಿ ಅವನ ಹೆಸರೇ ‘ಬೆಣ್ಣೆ’.

“ಸಾಯೋ ಮುಂಚೆ ಮಗಳ ಗುಣಾನೇ ಬರೆದಿಟ್ಟಿದ್ದಾರೆ,” ಎಂದರು ಇನ್ಸ್‌ಪೆಕ್ಟರ್. ಮಗಳ ಬಾಯಿ ಜೋರೆಂದು ಬೀದಿಗೆಲ್ಲ ಗೊತ್ತಿತ್ತು. ಬೆಳಿಗ್ಗೆ ಅಪ್ಪನೊಡನೆ ಜಗಳವಾಡಿದ್ದನ್ನು ಅವಳೇ ಒಪ್ಪಿಕೊಂಡಳು. ಕರೆದೊಯ್ಯಲು ಜೀಪು ಸಿದ್ಧವಿತ್ತು.

ನನ್ನ ಭಾವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ನಿವೃತ್ತರಾದ ಮೇಲೆ ಪತ್ತೇದಾರಿಕೆ ಅವರ ಗೀಳು, ಜೊತೆಗೆ ಓಡಾಡುವುದು ನನ್ನ ಪಾಡು. ಅವರು ಸತ್ತವರ ಮಗಳನ್ನು ಕೇಳಿದ್ದು ಒಂದೇ: ಅಪ್ಪ ಪದಬಂಧ ಹೇಗೆ ಕಟ್ಟುತ್ತಿದ್ದರು? ಮೊದಲು ಚೌಕಗಳನ್ನೆಲ್ಲ ತುಂಬುತ್ತಿದ್ದರಂತೆ. ಕೊನೆಯ ಪದ ಕೂತ ಮೇಲೆಯೇ ಸುಳಿವು ಬರೆಯುತ್ತಿದ್ದರಂತೆ. ಆಗ ಯಾರಾದರೂ ಮಾತಾಡಿಸಿದರೆ ಉರಿದುಬೀಳುತ್ತಿದ್ದರಂತೆ.

ಸಂಜೆ ಅದೇ ಕೋಣೆಯಲ್ಲಿ ಭಾವ ಎಲ್ಲರನ್ನೂ ಕೂರಿಸಿದರು.

“ಕೀಗಳ ಮೇಲೆ ಸಿಡಿದ ರಕ್ತ ಬೆರಳು ತಾಗಿ ಸವರಿಹೋಗಿದೆ. ಅಂದ್ರೆ ಟೈಪ್ ಮಾಡಿದ್ದು ಕೊಲೆ ಆದ್ಮೇಲೆ. ಸತ್ತವರು ಟೈಪ್ ಮಾಡಲ್ಲ. ಮಗಳು ತನ್ನ ತಲೆ ಮೇಲೆ ತಾನೇ ಗೂಬೆ ಕೂರಿಸಿಕೊಳ್ಳಲ್ಲ. ಇಲ್ಲಿ ಸುಳಿವೆಲ್ಲ ಮುಗಿದಿದೆ, ಚೌಕ ಖಾಲಿ ಇದೆ. ಕಟ್ಟೋರ ಕ್ರಮ ಇದಲ್ಲ. ದಿನಾ ಸುಳಿವು ಓದಿ ಖಾಲಿ ಚೌಕ ತುಂಬಿದವನಿಗೆ ಮಾತ್ರ ಇದು ಸರಿ ಅನ್ನಿಸುತ್ತೆ.”

ಎಲ್ಲರೂ ಬೆಣ್ಣೆಯ ಕಡೆ ತಿರುಗಿದೆವು. “ಕ್ಷಮಿಸಿ ಸಾರ್,” ಎನ್ನುತ್ತ ಅವನು ಎದ್ದು, ನೆಗೆದು, ಮಗಳ ಕತ್ತು ಹಿಸುಕಿದ. ಬಿಡಿಸಹೋದ ನನ್ನ ಕೈ ಕಚ್ಚಿ ಹರಿದ. ಇನ್ಸ್‌ಪೆಕ್ಟರ್ ಅವನನ್ನು ನೆಲಕ್ಕೆ ಅಪ್ಪಳಿಸಿದಾಗ ಮೂಗಿನ ಮೂಳೆ ಮುರಿದ ಸದ್ದಾಯಿತು.

“ನಾನು ಕಟ್ಟಿದ ಪದಬಂಧಾನ ಆ ಮುದುಕ ನನ್ನ ಮುಖದ ಮೇಲೆ ಎಸೆದ. ನಿನಗೆ ಜನ್ಮದಲ್ಲಿ ಬರಲ್ಲ ಅಂದ,” ಎಂದು ರಕ್ತ ಉಗುಳಿದ. “ಇಷ್ಟು ವರ್ಷ ಬೈಸ್ಕೊಂಡು ನಕ್ಕಿದ್ದೆ.”

ಮಗಳು ಕತ್ತು ನೀವಿಕೊಳ್ಳುತ್ತ ಪರದೆಯನ್ನೇ ನೋಡಿದಳು. “ಹಾಗಾದ್ರೆ ನನ್ನ ಬಗ್ಗೆ ಇದನ್ನ ಅಪ್ಪ ಬರೆದಿದ್ದಲ್ವಾ?”

“ಒಂದಕ್ಷರಾನೂ ಅಲ್ಲ ತಾಯಿ,” ಎಂದರು ಭಾವ.

ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದ ಅವಳು ನೆಲಕ್ಕೆ ಕುಸಿದಳು. ಅಪ್ಪನನ್ನು ಬಾಯ್ತುಂಬ ಬಯ್ಯುತ್ತ ಅತ್ತಳು.