ಗೆರೆಯಿಂದ ಇಳಿದ ನೀರು

‘ಒಡೀಲೇಬೇಕಾ?’

ಮಹಡಿಯ ಬಾತ್‌ರೂಮಿನ ಬಾಗಿಲಲ್ಲಿ ನಿಂತು ಮನೆಯ ಮಗಳು ಇಂದು ಕೇಳಿದಳು. ಒಳಗೆ ಸುತ್ತಿಗೆ, ಉಳಿ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ ಗಾರೆ ಮೇಸ್ತ್ರಿ ಸ್ವಾಮಿ ತಲೆ ಎತ್ತಿ ಅವಳನ್ನೇ ನೋಡಿದ.

‘ಒಡೀಲೇಬೇಕು ಕಣ್ರೀ. ಸೋರ್ತಿರೋದು ಟೈಲ್ಸ್ ಅಡೀಲಿ. ಮೇಲ್ಮೇಲೆ ಸಿಮೆಂಟು ಮೆತ್ತಿದ್ರೆ ನಿಲ್ಲಲ್ಲ.’

ಆ ಹಸಿರು ಟೈಲ್ಸನ್ನು ಆರಿಸಿದ್ದು ಅವಳ ಅಮ್ಮ ಗಿಡ್ಡಮ್ಮ. ಅಮ್ಮ ಹೋಗಿ ವರ್ಷವಾಗುತ್ತ ಬಂದಿತ್ತು. ಅವಳು ಅತ್ತಿರಲಿಲ್ಲ. ಅಳು ಬರಲೇ ಇಲ್ಲ, ಅಷ್ಟೆ. ಎದೆಗೆ ಜೋಮು ಹಿಡಿದ ಹಾಗಿತ್ತು.

‘ಸರಿ, ಒಡೀರಿ,’ ಎಂದು ಸ್ಕೂಲಿಗೆ ಹೊರಟಳು, ಮಕ್ಕಳಿಗೆ ಲೆಕ್ಕ ಹೇಳಿಕೊಡಲು. ಗೇಟು ದಾಟುವಾಗ ಮೊದಲ ಏಟು ಕೇಳಿಸಿತು. ಏನೂ ಅನ್ನಿಸಲಿಲ್ಲ...

ಬಚ್ಚಲಲ್ಲಿ ಎಂಥ ಪ್ರೇಮ ಅಂತ ನಗಬೇಡಿ. ಅರಸೀಕೆರೆಯ ಆ ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ. ರೈಲ್ವೆಯಿಂದ ರಿಟೈರಾದ ಅಪ್ಪ ಹನುಮಯ್ಯ ಪೇಪರ್ ಹಿಂದೆ, ಮಗಳು ಪುಸ್ತಕದ ಹಿಂದೆ. ಮಾತು ಎಂಬುದು ಮನೆಯೊಳಗೆ ಬಂದದ್ದೇ ಬಾಣಾವರದಿಂದ ಸ್ವಾಮಿಯ ಟಿವಿಎಸ್ ಬಂದ ಮೇಲೆ. ಅವನು ಸ್ವಂತ ಕಂಟ್ರಾಕ್ಟು ಶುರುಮಾಡಿದ್ದ ಹೊಸತು.

ಸಂಜೆ ಅವಳು ಟೀ ಕೊಡಲು ಹೋದರೆ ಅಂದಿನ ಕೆಲಸವನ್ನೆಲ್ಲ ತೋರಿಸುತ್ತಿದ್ದ; ಅವಳು ಬರುವ ತನಕ ಚೀಲ ಕಟ್ಟುತ್ತಿರಲಿಲ್ಲ. ನೆಲ, ಗೋಡೆ ಸೇರುವ ಮೂಲೆಯೇ ಮೊದಲು ಬಿರುಕು ಬಿಡುವುದಂತೆ. ಅದಕ್ಕೇ ಅಲ್ಲಿ ಗಾರೆಯನ್ನು ದುಂಡಗೆ ತಿರುವಿದ್ದ. ಅದರ ಮೇಲೆ ನೀರು ತಡೆಯುವ ಲೇಪ, ಒಂದು ಒಣಗಿದ ಮೇಲೆ ಇನ್ನೊಂದು, ಗೋಡೆಗೂ ಮೊಣಕಾಲೆತ್ತರಕ್ಕೆ.

‘ಹೊಸ ಟೈಲ್ಸ್ ಯಾವ ಬಣ್ಣ?’ ಎಂದು ದಿನಾ ಕೇಳುತ್ತಿದ್ದ.

‘ಯಾವುದಾದ್ರೂ ಸರಿ.’

ದಿನಾ ಅದೇ ಉತ್ತರ. ಆದರೆ ಟೀ ಲೋಟ ವಾಪಸು ತರಲು ಅವಳಿಗೆ ಹೊತ್ತಾಗುತ್ತಿತ್ತು. ಅದನ್ನು ಅವಳು ಗಮನಿಸಿರಲಿಲ್ಲ. ಅಪ್ಪ ಗಮನಿಸಿದ್ದರು.

ಕೊನೆಗೆ ಸ್ವಾಮಿ ನೀರು ಹೋಗುವ ತೂತಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆ ತುರುಕಿ, ನೆಲದ ತುಂಬ ನೀರು ಕಟ್ಟಿದ. ನೀರಿನ ಮಟ್ಟಕ್ಕೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ.

‘ನಾಳೆ ನೀರು ಈ ಗೆರೆಯಲ್ಲೇ ನಿಂತಿದ್ರೆ ಕೆಲಸ ಗಟ್ಟಿ ಅಂತ. ಟೈಲ್ಸ್ ಕೂರಿಸಿ ಮುಗಿಸಿಬಿಡ್ತೀನಿ. ಬೇಲೂರಲ್ಲಿ ಲಾಡ್ಜ್ ಕೆಲಸ ಕಾಯ್ತಿದೆ.’

ಮುಗಿಸಿಬಿಡ್ತೀನಿ... ಆ ಮಾತು ಅವಳನ್ನು ಚುಚ್ಚಿತು. ಎಷ್ಟೋ ದಿನಗಳ ಮೇಲೆ ಚುಚ್ಚಿದ್ದು ಅದೊಂದೇ.

ಅವನು ಹೋದ ಮೇಲೆ ಅವಳು ಒಳಗೆ ಹೋಗಿ ನೀರಿಗೆ ಕೈ ಹಾಕಿ ಬಟ್ಟೆ ಸಡಿಲಿಸಿದಳು. ನೀರು ಗೆರೆಯಿಂದ ಕೆಳಗಿಳಿಯಿತು. ಮತ್ತೆ ಬಿಗಿಯಾಗಿ ತುರುಕಿದಳು. ಯಾಕೆ ಮಾಡಿದೆ ಎಂದು ತನ್ನನ್ನೇ ಕೇಳಿಕೊಂಡಳು.

ಮಾರನೆಯ ದಿನ ಸ್ವಾಮಿ ಪೆಚ್ಚಾದ. ಕೆಳಗಿನ ಕೋಣೆಯ ಚಾವಣಿ ನೋಡಿದರೆ ಒಣಗಿತ್ತು. ನೀರು ಗೋಡೆಯೊಳಕ್ಕೇ ಇಳಿಯುತ್ತಿರಬೇಕು ಎಂದು ಬಳಿದಿದ್ದನ್ನೆಲ್ಲ ಕೆರೆದು, ಮತ್ತೆ ಬಳಿದ. ಒಣಗಿದ ಮೇಲೆ ಮತ್ತೆ ನೀರು ಕಟ್ಟಿದ. ಅವಳು ಮತ್ತೆ ಬಟ್ಟೆ ಸಡಿಲಿಸಿದಳು.

ಹುಡುಗಿಗೆ ತಲೆ ಕೆಟ್ಟಿತ್ತಾ? ಇರಬಹುದು.

ಮರುದಿನ ಬೆಳಿಗ್ಗೆ ಸ್ವಾಮಿ ಬಹಳ ಹೊತ್ತು ಗೆರೆ ನೋಡುತ್ತ ನಿಂತ. ಆಮೇಲೆ ಕರಣೆ ತೊಳೆದು ಚೀಲಕ್ಕೆ ಹಾಕಿದ.

‘ಯಾಕ್ ಮೇಸ್ತ್ರಿ, ಹೊಂಟೆ?’ ಎಂದರು ಹನುಮಯ್ಯ.

ಹಾಸನದಿಂದ ಬೇರೆಯವರನ್ನು ಕರೆಸಿ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಬೇಲೂರಿನ ಕೆಲಸವನ್ನೂ ಬಿಡುತ್ತಾನಂತೆ. ಒಂದು ಬಚ್ಚಲು ಸರಿ ಮಾಡಲಾರದವನು ಲಾಡ್ಜಿನ ಬಚ್ಚಲುಗಳನ್ನು ಹಾಳು ಮಾಡುವುದು ಬೇಡ ಎಂದ.

ಒಳಗಿದ್ದ ಇಂದುವಿಗೆ ಅದು ಕೇಳಿಸಿತು. ಅವನ ಹಿಂದೆಯೇ ಗೇಟಿನ ತನಕ ಓಡಿದಳು.

‘ನೀರು ಸೋರಿಲ್ಲ. ಬಟ್ಟೆ ಎಳೆದಿದ್ದು ನಾನು... ಎರಡು ಸಲಾನೂ.’

ಸ್ವಾಮಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದಾಗ ಮುಖ ಕೆಂಪಾಯಿತು.

‘ನಿಮಗೆ ಆಟ ಆಯ್ತಾ? ನಂಗೆ ಕೆಲಸಾನೇ ಬರಲ್ಲ ಅನ್ಕೊಂಡುಬಿಟ್ಟಿದ್ದೆ ಕಣ್ರೀ.’

‘ನೀರು ನಿಂತುಬಿಟ್ರೆ ನೀವು ಹೋಗಿಬಿಡ್ತೀರಲ್ಲ...’

ಹೇಳುತ್ತಿದ್ದಂತೆ ಅಳು ಬಂತು. ಅಮ್ಮನಿಗಾಗಿ ಉಳಿದುಹೋಗಿದ್ದ ಅಳುವೂ ಅದರ ಜೊತೆಗೇ ಬಂತು. ಅವಳು ಗೇಟು ಹಿಡಿದು ಬಿಕ್ಕಿದಳು. ಜಗುಲಿಯಲ್ಲಿದ್ದ ಅಪ್ಪ ಪೇಪರು ಮಡಚಿ ಒಳಗೆ ಹೋದರು.

ಸ್ವಾಮಿ ಅವಳ ಅಳು ನಿಲ್ಲುವವರೆಗೂ ಅಲ್ಲೇ ನಿಂತಿದ್ದ. ಆಮೇಲೆ ಚೀಲ ಎತ್ತಿಕೊಂಡು ಮಹಡಿ ಹತ್ತಿ, ಬಟ್ಟೆ ತುರುಕಿ, ಗೆರೆಯ ತನಕ ನೀರು ತುಂಬಿಸಿದ.

‘ಈ ಸಲ ಮುಟ್ಟಬೇಡಿ.’

‘ಮುಟ್ಟಲ್ಲ... ನೀರು ನಿಂತ ಮೇಲೆ?’

‘ಟೈಲ್ಸ್ ಕೂರಿಸ್ತೀನಿ. ಬೇಲೂರಿನ ಕೆಲಸಾನೂ ಮಾಡ್ತೀನಿ. ಭಾನುವಾರ ಅವ್ವನ್ನ ಕರ್ಕೊಂಡು ಬರ್ತೀನಿ, ನಿಮ್ಮಪ್ಪನ ಹತ್ರ ಮಾತಾಡೋಕೆ.’ ಬಕೆಟ್ ಕೆಳಗಿಟ್ಟು ಕೇಳಿದ, ‘ಬರ್ಲಾ?’

ಇಂದು ಕಣ್ಣೊರೆಸಿಕೊಂಡು ಹೂಂ ಎಂದಳು.

‘ಈಗಲಾದ್ರೂ ಹೇಳಿ. ಯಾವ ಬಣ್ಣ? ಹಸಿರೇ ತರ್ಲಾ?’

‘ಹಸಿರು ಅಮ್ಮಂಗಿಷ್ಟ,’ ಎಂದಳು ಇಂದು. ‘ನಂಗೆ ನೀಲಿ.’